ಅಡುಗೆಮನೆ ಕಿಟಕಿಗಾಗಿ ಪರದೇಶ ಯಾತ್ರೆ

ಕೊರಟಗೆರೆ

ತಲೆಯ ಮೇಲೊಂದು ಸೂರು ಮಾಡಿಕೊಂಡ ದಿನವೇ ಮನುಷ್ಯ ನಾಗರಿಕನಾದ ಎಂದು ತಿಳಿದವರು ಹೇಳುತ್ತಾರೆ. ನಮ್ಮ ಕಡೆ ಆ ದಿನ ಬರಬೇಕಾದರೆ ಅರ್ಜಿಯನ್ನು ಮೊದಲು ಮೂರು ಪ್ರತಿಯಲ್ಲಿ ಕೊಡಬೇಕು. ಆದಿಮಾನವನಿಗೆ ಅಷ್ಟು ಸಲೀಸಾಗಿ ಗುಹೆ ಸಿಕ್ಕಿದ್ದು, ಆಗಿನ್ನೂ ಪಂಚಾಯಿತಿ ಆಫೀಸು ತೆರೆದಿರಲಿಲ್ಲ ಎಂಬ ಒಂದೇ ಕಾರಣಕ್ಕೆ.

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಕೊರಟಗೆರೆಯಲ್ಲಿ ವಾಸ. ಇಲ್ಲಿಂದ ಅರ್ಧ ಗಂಟೆ ದೂರದ ಹಳ್ಳಿಗೆ ಕೊಟ್ಟಿರುವ ನನ್ನ ತಂಗಿ ಗಿರಿಜೆ, ಹಳೆಯ ಮಣ್ಣಿನ ಮನೆ ಕೆಡವಿ ಹೊಸದು ಕಟ್ಟಲು ಹೊರಟಿದ್ದಳು. ಹೊಸ ಮನೆಗೆ ಎಂಥ ಬಾಗಿಲು, ಎಂಥ ಬಣ್ಣ ಎಂದು ಭಾವನವರು ತಲೆ ಕೆಡಿಸಿಕೊಂಡಿದ್ದರೆ, ಅವಳದು ಒಂದೇ ಹಟ.

"ಅಡುಗೆಮನೆಗೆ ಒಂದು ಕಿಟಕಿ ಇಕ್ಕಿಸ್ಕೊಡು ಅಣ್ಣಯ್ಯ. ಈ ಮನೆಗೆ ಬಂದಾಗಿಂದ ಹಗಲೊತ್ತಲ್ಲೂ ಲೈಟ್ ಹಾಕ್ಕೊಂಡೇ ಅಕ್ಕಿ ಆರಿಸ್ತಿದೀನಿ. ಕರೆಂಟು ಹೋದ್ರೆ ಕಲ್ಲೂ ಅಕ್ಕೀನೂ ಒಂದೇ ನಂಗೆ. ನಿಮ್ ಭಾವ್ನೋರು ಪಾಪ, ಸುಮ್ಕೆ ಅಗೀತಾರೆ. ದಕ್ಷಿಣಕ್ಕೆ ಇಕ್ಕಿಸು. ಒಲೆ ತಾವಿಗೆ ಬಿಸ್ಲು ಬರ್ಬೇಕು."

ನಕ್ಷೆಯನ್ನು ನಾನೇ ಬರೆದೆ. ಅದು ನನ್ನ ಮೊದಲ ತಪ್ಪು. ಗೋಡೆಗಳಿಗೆ ನೆರಳು ಕೊಟ್ಟೆ, ಅಂಗಳದಲ್ಲೊಂದು ತೆಂಗಿನ ಮರ ನಿಲ್ಲಿಸಿದೆ, ಮರ ಬೋಳಾಗಿ ಕಂಡಿತೆಂದು ಅದರ ಮೇಲೊಂದು ಗಿಳಿ ಕೂರಿಸಿದೆ. ಪಂಚಾಯಿತಿಯ ಪಿಡಿಒ ವಿನಯವಂತ ಯುವಕ. ನಕ್ಷೆಯನ್ನು ಬಹಳ ಹೊತ್ತು ನೋಡಿ, "ಸಾರ್, ಗಿಳಿಗೆ ಪರವಾನಗಿ ಬೇಕಿಲ್ಲ. ಕಿಟಕಿಗೆ ಬೇಕು" ಎಂದರು.

ವಿಷಯ ಇಷ್ಟು. ಕಿಟಕಿ ಇಡುವ ಪಕ್ಕದಲ್ಲಿ ಮೂರಡಿ ಜಾಗ ಬಿಟ್ಟು ಗೋಡೆ ಎಬ್ಬಿಸಬೇಕು. ಅಡುಗೆಮನೆಯ ಪಾಲಿಗೆ ಬಂದದ್ದೇ ಏಳಡಿ. ಅದರಲ್ಲಿ ಮೂರಡಿ ಹೋದರೆ ಗಿರಿಜೆ ಒಳಗೆ ಹೋಗಬಹುದು, ಒಳಗೆ ಹೋದವಳು ತಿರುಗಲಾರಳು. ಒಂದಡಿ ಮಾತ್ರ ಬಿಡುತ್ತೇವೆಂದರೆ, ಆ ಪಕ್ಕದ ನಿವೇಶನದವರು ನಮ್ಮದೇನೂ ತಕರಾರಿಲ್ಲವೆಂದು ಬರೆದುಕೊಡಬೇಕು. "ಹೆಂಗೂ ಕೇಳ್ತೀರಲ್ಲ ಸಾರ್, ನಾಲ್ಕು ದಿಕ್ಕಿನವರದ್ದೂ ರುಜು ಹಾಕಿಸಿಬಿಡಿ. ಆಮೇಲೆ ತಲೆನೋವಿರಲ್ಲ" ಎಂದರು ಪಿಡಿಒ. ಅವರ ತಲೆನೋವಿನ ಬಗ್ಗೆ ಹೇಳಿದ್ದು ಎಂದು ಈಗ ಅರ್ಥವಾಗುತ್ತದೆ.

ಮನೆಯ ಪತ್ರದಲ್ಲಿ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಚಕ್ಕುಬಂದಿ ಬರೆದಿರುತ್ತಾರಲ್ಲ, ಅದನ್ನು ಹಿಡಿದು ಹೊರಟೆ. ಪೂರ್ವಕ್ಕೆ ಬೀದಿ. ಬೀದಿ ರುಜು ಹಾಕುವುದಿಲ್ಲ, ಅದಕ್ಕೆ ವಿನಾಯಿತಿ. ಪಶ್ಚಿಮಕ್ಕೆ ಮಾರಮ್ಮನ ಗುಡಿಯ ಬಯಲು. ಅಮ್ಮನ ಪರವಾಗಿ ಪೂಜಾರಿ ರುಜು ಹಾಕಿದ, ಅಮ್ಮನನ್ನು ಕೇಳಿದನೋ ಇಲ್ಲವೋ ನಾನು ವಿಚಾರಿಸಲಿಲ್ಲ. ಉತ್ತರಕ್ಕೆ ಗಿರಿಜೆಯ ಮೈದುನನ ಮನೆ. ಆತ ಮೂರು ತಿಂಗಳು ಮುನಿಸಿಕೊಂಡಿದ್ದು, ನಾಲ್ಕನೆಯ ತಿಂಗಳು ಮುನಿಸು ಯಾಕೆಂಬುದು ಮರೆತುಹೋಗಿ ರುಜು ಹಾಕಿದ. ದಕ್ಷಿಣಕ್ಕೆ, ಅಂದರೆ ಕಿಟಕಿಯ ಕಡೆಗೆ, 'ಜುಂಜಣ್ಣನ ಖಾಲಿ ನಿವೇಶನ'.

ನಿವೇಶನವಿತ್ತು, ಜಾಲಿ ಬೆಳೆದುಕೊಂಡಿತ್ತು. ಜುಂಜಣ್ಣ ಇರಲಿಲ್ಲ. ಕುರಿ ಸಾಕುವ ಮನೆತನದ ಆತ ಇಪ್ಪತ್ತು ವರ್ಷದ ಹಿಂದೆಯೇ ಪಾವಗಡದ ಆಚೆ ತಿರುಮಣಿಗೆ ಮನೆಅಳಿಯನಾಗಿ ಹೋಗಿದ್ದ. ಒಟ್ಟಿನಲ್ಲಿ ನಮ್ಮ ದಕ್ಷಿಣ ದಿಕ್ಕು ಉತ್ತರಕ್ಕೆ ವಲಸೆ ಹೋಗಿತ್ತು, ಫೋನು ಮಾಡಿದರೆ ಎತ್ತುತ್ತಿರಲಿಲ್ಲ.

ಪಾವಗಡ ನಮ್ಮದೇ ಜಿಲ್ಲೆ. ಆದರೆ ರಾಜ್ಯಗಳ ಪಾಲು ಮಾಡಿದವರು ಅದನ್ನು ಆಂಧ್ರದ ಅಂಗಳದಲ್ಲಿ ಮರೆತು ಬಂದಿದ್ದಾರೆ. ನಮ್ಮದೇ ತಾಲ್ಲೂಕಿಗೆ ಹೋಗಲು ಪರರ ನೆಲ ದಾಟಬೇಕು. ಸಿಂಗಾಪುರಕ್ಕೆ ಹೋಗಿಬಂದ ನನ್ನ ಸಹೋದ್ಯೋಗಿಗಳೆಲ್ಲ ಪ್ರವಾಸ ಕಥನ ಬರೆದು ನನಗೆ ಓದಿಸಿದ್ದಾರೆ. ಈಗ ನನ್ನ ಸರದಿ.

ಮಧುಗಿರಿ

ಭಾವನವರು ಹಸುಗಳಿಗೆ ಜೊತೆಯಾಗಿ ಮನೆಯಲ್ಲೇ ಉಳಿದರು. ಕಿಟಕಿ ತನ್ನದು, ಆದ್ದರಿಂದ ತಾನೂ ಬರುವವಳೇ ಎಂದು ಗಿರಿಜೆ ಹೊರಟಳು. ನನ್ನ ಕೈಚೀಲದಲ್ಲಿ ಫೈಲು, ಅಳತೆ ಟೇಪು. ಅವಳ ಚೀಲದಲ್ಲಿ ಒಂದು ಚಿಪ್ಪು ಬಾಳೆಹಣ್ಣು, ಎಲೆ ಅಡಿಕೆ, ಆಧಾರ್ ಕಾರ್ಡು, ಅದರ ಮೂರು ಜೆರಾಕ್ಸು.

ಮಧುಗಿರಿಯಲ್ಲಿ ಬಸ್ಸು ಬದಲಾಯಿಸಿದೆವು. ಬೆಟ್ಟ ಇದ್ದಲ್ಲೇ ಇತ್ತು. ಅದನ್ನು ನೋಡಲು ದೂರದಿಂದ ಜನ ಬರುತ್ತಾರೆ. ನಾವು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿಯುವ ಗಡಿಬಿಡಿಯಲ್ಲಿ ಅದಕ್ಕೆ ಬೆನ್ನು ಹಾಕಿ ಓಡಿದೆವು. ಸೀಟು ಸಿಕ್ಕಿದ ಮೇಲೆ ಗಿರಿಜೆಗೆ ಒಂದು ಅಂತರರಾಜ್ಯ ಅನುಮಾನ ಬಂತು.

"ಹೆಂಗಸ್ರಿಗೆ ಫ್ರೀ ನಮ್ ರಾಜ್ಯದಾಗೆ ಅಲ್ವೇನಪ್ಪ? ನಡೂಮಧ್ಯೆ ಆಂಧ್ರ ಬತ್ತದಲ್ಲ. ಅಲ್ಲಿ ಇಳ್ಸಿ ನಡೆಸ್ತೀಯಾ ನನ್ನ?"

ಕಂಡಕ್ಟರು ಟಿಕೆಟ್ ಹರಿದುಕೊಟ್ಟು ಹೇಳಿದ: "ಇಳೀಬ್ಯಾಡ ಕಣಮ್ಮ. ಅಲ್ಲಿ ಬಂದಾಗ ಉಸ್ರು ಬಿಗಿ ಹಿಡ್ಕೊಂಡು ಕೂತಿರು. ನಮ್ಮೂರು ಬತ್ತಿದ್ದಂಗೆ ಬುಡು."

ಪರದೇಶ

ಗಡಿಯಲ್ಲಿ ನಮ್ಮನ್ನು ಯಾರೂ ತಡೆಯಲಿಲ್ಲ. ರಸ್ತೆ ಬದಿಯ ಬೋರ್ಡುಗಳ ಅಕ್ಷರ ದುಂಡಗಾದವು, ಅಷ್ಟೆ. ಅವರ ತಲೆಕಟ್ಟು ನಮ್ಮದಕ್ಕಿಂತ ಕೊಂಚ ಎತ್ತರಕ್ಕೆ ಬಾಚಿದಂತಿರುತ್ತದೆ. ಡ್ರಾಯಿಂಗ್ ಮೇಷ್ಟ್ರ ಕಣ್ಣಿಗೆ ಬೀಳದೆ ಇರುತ್ತದೆಯೆ. ನಾನು ಇದನ್ನು ಟಿಪ್ಪಣಿ ಮಾಡಿಕೊಳ್ಳುತ್ತಿರುವಾಗಲೇ, ಮಡಕಶಿರಾ ಇನ್ನೂ ದೂರವಿರುವಾಗಲೇ, ಬಸ್ಸಿನ ಹಿಂದಿನ ಚಕ್ರ ಪಂಕ್ಚರ್ ಆಯಿತು. ಪರರಾಜ್ಯದಲ್ಲಿ ನಾವು ನಿರಾಶ್ರಿತರಾದೆವು.

"ಕಂಡಕ್ಟರಪ್ಪಾ, ಇನ್ನೆಷ್ಟೊತ್ತು ಉಸ್ರು ಹಿಡೀಲಿ?" ಎಂದಳು ಗಿರಿಜೆ.

ಎದುರಿಗೇ ಒಂದು ಹೊಸ ಮನೆ ಏಳುತ್ತಿತ್ತು. ಲುಂಗಿ ಎತ್ತಿ ಕಟ್ಟಿದ ಯಜಮಾನ ಪೈಪು ಹಿಡಿದು ಗೋಡೆಗೆ ನೀರುಣಿಸುತ್ತಿದ್ದ. ಮೊಳೆಗೆ ದೃಷ್ಟಿಬೊಂಬೆ ನೇತುಹಾಕಿತ್ತು. ಕೆಂಪು ನಾಲಗೆ, ಹುರಿಮೀಸೆ, ಥೇಟು ನಮ್ಮ ಕಡೆಯದೇ ಮುಖ. ಆ ಬೊಂಬೆಗೆ ಮಾತ್ರ ಎರಡೂ ರಾಜ್ಯದಲ್ಲಿ ಯಾರ ರುಜುವೂ ಬೇಕಿಲ್ಲ. ಗಿರಿಜೆ ನೆಟ್ಟಗೆ ಅವನ ಅಡುಗೆಮನೆಗೇ ನುಗ್ಗಿ ಹೊರಬಂದಳು.

"ಎರಡು ಕಿಟ್ಕಿ ಅದಾವೆ ಅಣ್ಣಯ್ಯ!"

ಯಜಮಾನನನ್ನು ಕೇಳಿದೆ, ಪಕ್ಕದವರ ಒಪ್ಪಿಗೆ ಪಡೆದಿರಾ ಎಂದು.

"ಪಕ್ಕದಲ್ಲಿ ಯಾರುನ್ನಾರು ಸಾರ್? ಚೂಡಂಡಿ" ಎಂದು ಪೈಪಿನಿಂದಲೇ ತೋರಿಸಿದ. ಒಂದು ಕಡೆ ಶೇಂಗಾ ಹೊಲ, ಇನ್ನೊಂದು ಕಡೆ ಅದೇ ಶೇಂಗಾ ಹೊಲ. "ಅದೂ ನಂದೇ, ಇದೂ ನಂದೇ. ನನ್ನ ಪರ್ಮಿಷನ್ ನಾನೇ ತೀಸ್ಕೊಂಡೆ. ಆದ್ರೂ ಒಂದು ಮಾತು ಸಾರ್, ಪಕ್ಕದಲ್ಲಿ ಒಂದು ಮನೆ ಇದ್ದಿದ್ರೆ ಬಾಗುಂಟುಂದಿ. ನನ್ ಹೆಂಡತಿಗೆ ಮಾತಾಡಕ್ಕೆ ಯಾರೂ ಲೇರು. ಅದಕ್ಕೇ ನನ್ ಜೊತೆ ಮಾತಾಡ್ತಾಳೆ."

ಅವನ ಮುಖದಲ್ಲಿ ನಿಜವಾದ ಸಂಕಟವಿತ್ತು. ನೆರೆಯವರಿಲ್ಲದ ಮನೆಗೆ ಇಂಥದೊಂದು ತೊಂದರೆ ಇರಬಹುದೆಂದು ನಾನು ಯೋಚಿಸಿರಲಿಲ್ಲ. ಚಕ್ರ ಸಿದ್ಧವಾಯಿತು, ಪರದೇಶದ ಜನ ಒಳ್ಳೆಯವರು ಎಂದು ಬರೆದುಕೊಂಡು ಬಸ್ಸು ಹತ್ತಿದೆ.

ಪಾವಗಡ ದಾಟಿ, ತಿರುಮಣಿ

ತಿರುಮಣಿಯಲ್ಲಿ ಹೊಲಗಳೆಲ್ಲ ಕನ್ನಡಿಯಾಗಿವೆ. ರೈತರು ಗುತ್ತಿಗೆಗೆ ಕೊಟ್ಟ ಭೂಮಿಯಲ್ಲಿ, ಕಣ್ಣು ಹಾಯುವವರೆಗೆ ಸೋಲಾರ್ ಹಲಗೆಗಳು ಒಂದೇ ಕಡೆಗೆ ತಲೆ ವಾಲಿಸಿಕೊಂಡು ನಿಂತಿವೆ. ಪ್ರಾರ್ಥನೆಗೆ ಸಾಲಾಗಿ ನಿಲ್ಲಿಸಿದ ಶಾಲೆಯ ಹಾಗೆ. ಗಿರಿಜೆ ತುಸು ಹೊತ್ತು ದಿಟ್ಟಿಸಿ ನೋಡಿದಳು.

"ಇಷ್ಟೊಂದು ಬಿಸ್ಲು ಹಿಡ್ಕೊಂಡವ್ರಲ್ಲ ಇವ್ರು. ನಾನು ಕೇಳಿದ್ದು ಒಂದು ಮೊರದಗಲ."

ಜುಂಜಣ್ಣನ ಮನೆ ಸುಲಭವಾಗಿ ಸಿಕ್ಕಿತು. ಜುಂಜಣ್ಣ ಸಿಗಲಿಲ್ಲ. ನಾನು ಟೇಪು ಮತ್ತು ಫೈಲನ್ನು ಕೈಯಲ್ಲಿ ಹಿಡಿದು ಬೀದಿಯಲ್ಲಿ ಬರುತ್ತಿದ್ದೆ. ಅದು ನನ್ನ ಎರಡನೆಯ ತಪ್ಪು. ಜಗಲಿಯ ಮೇಲೆ ಕೂತಿದ್ದ ಗಂಡಸೊಬ್ಬ ನನ್ನನ್ನು ನೋಡಿದ್ದೇ ತಡ, ಎದ್ದು ಕುರಿ ರೊಪ್ಪದ ಕಡೆಗೆ ಮಾಯವಾದ. ಹೊರಬಂದ ಆತನ ಹೆಂಡತಿ ನಾಗಮ್ಮ, "ಆಯನ ಇಲ್ಲ ಸಾರ್. ಊರಿಗೆ ಪೋಯ್ನಾಡು. ಯಾವಾಗ ವಸ್ತಾನೋ ತಿಳೀದು" ಎಂದು ಒಂದೇ ಉಸಿರಿಗೆ ಹೇಳಿದಳು. ಕುರಿಗಳ ನಡುವೆ ಮನುಷ್ಯನ ಎರಡು ಕಾಲು ಕಾಣುತ್ತಿದ್ದವು.

"ಲೋ ಜುಂಜಣ್ಣ, ಎದ್ದು ಬಾರೋ. ನಾನು ಕಣೋ, ಗಿರಿಜ! ನಿಮ್ ಸೈಟಿನ ಪಕ್ಕದ್ ಮನೆಯೋಳು!"

ಕಾಲುಗಳ ಮೇಲೆ ತಲೆ ಮೂಡಿತು. "ಅಯ್ಯೋ, ಗಿರಿಜಮ್ಮೋರಾ? ಮೇಷ್ಟ್ರಾ? ನಾನು ಆಫೀಸ್‌ನೋರು ಅಂದ್ಕೊಂಬುಟ್ಟೆ!"

ನಮ್ಮ ಸೀಮೆಯಲ್ಲಿ ಕೆಲಸದ ಮಾತನ್ನು ಬಂದ ಕೂಡಲೇ ಎತ್ತುವಂತಿಲ್ಲ. ಉಣ್ಣಬೇಕು, ಕೈ ತೊಳೆಯಬೇಕು, ಎಲೆ ಅಡಿಕೆ ಬಾಯಿಗೆ ಹೋಗಬೇಕು, ಆಮೇಲೆ. ಅದಕ್ಕಿಂತ ಮೊದಲು ಕಾಗದ ತೆಗೆದವನು ಎಷ್ಟೇ ಓದಿದ್ದರೂ ಮನೆತನವಿಲ್ಲದವನು. ಫೈಲನ್ನು ಬಾಳೆಹಣ್ಣಿನ ಕೆಳಗೆ ತಳ್ಳಿ, ಮುದ್ದೆ, ಹುರುಳಿ ಸಾರು ಉಂಡೆವು. ಮಳೆ, ಕುರಿಗಳ ಕಾಲುಬೇನೆ, ಊರಲ್ಲಿ ಯಾರು ತೀರಿಕೊಂಡರು, ಯಾರು ತೀರಿಕೊಳ್ಳಲಿಲ್ಲ ಎಲ್ಲ ಮುಗಿಯಿತು. ನಾಗಮ್ಮ ಎರಡನೆಯ ಮುದ್ದೆ ಇಡಲು ಬಂದಾಗ, ಒಂದು ಕಿಟಕಿಗಾಗಿ ಮನುಷ್ಯ ಎಷ್ಟು ಮುದ್ದೆ ಉಣ್ಣಬಹುದು ಎಂಬ ಪ್ರಶ್ನೆ ಎದ್ದಿತು. ಎರಡು ಎಂಬುದು ಉತ್ತರ.

ಕೊನೆಗೆ ಎಲೆಗೆ ಸುಣ್ಣ ಹಚ್ಚುತ್ತ ವಿಷಯ ಹೇಳಿದೆ. ಜುಂಜಣ್ಣ ಫೈಲನ್ನು ಮುಟ್ಟದೆಯೇ ಬಗ್ಗಿ ನೋಡಿದ.

"ದಕ್ಷಿಣಕ್ಕೆ ಅಂತ ನನ್ ಹೆಸ್ರು ಹಾಕವ್ರಾ? ತೆಗೆಸಿ ಮೇಷ್ಟ್ರೆ. ನಾನು ದಕ್ಷಿಣ ಅಲ್ಲ."

"ಜುಂಜಣ್ಣ, ಪತ್ರದಲ್ಲಿ ನೀನೇ ಇದೀಯಲ್ಲಪ್ಪ."

"ಇದ್ರೆ ಇರ್ಲಿ, ನಾನಲ್ಲ."

ನಾಗಮ್ಮ ಒಳಗಿನಿಂದಲೇ ಬಿಡಿಸಿ ಹೇಳಿದಳು. ಇಷ್ಟು ವರ್ಷ ಅವಳ ತಮ್ಮನ ಮನೆಯ ಒಂದು ಕೋಣೆಯಲ್ಲಿ ಬಾಳುವೆ. ಸರ್ಕಾರದ ಮನೆಗಾಗಿ ಅರ್ಜಿ ಹಾಕಿ, ಈ ಸಲ ಪಟ್ಟಿಯಲ್ಲಿ ಹೆಸರು ಬರುವ ಹಾಗಿದೆ. ಆದರೆ ಅದಕ್ಕೆ 'ನನಗೆ ಬೇರೆಲ್ಲೂ ಮನೆ, ನಿವೇಶನ ಇಲ್ಲ' ಎಂದು ಅಫಿಡವಿಟ್ ಮಾಡಿಕೊಟ್ಟಿದ್ದಾನೆ. ಈಗ ಇನ್ನೊಂದು ಪಂಚಾಯಿತಿಯ ಕಾಗದದಲ್ಲಿ ನಿವೇಶನದ ಮಾಲೀಕನೆಂದು ರುಜು ಹಾಕಿದರೆ ಮುಗಿಯಿತಲ್ಲ. ತಮ್ಮನ ಮನೆಯ ಕೋಣೆಯೇ ಕಾಯಂ.

"ಎರಡೂ ಕಡೆ ಇರಕ್ಕಾಗಲ್ಲ ಮೇಷ್ಟ್ರೆ," ಎಂದ ಜುಂಜಣ್ಣ. "ಅಲ್ಲಿ ದಕ್ಷಿಣ ಆದ್ರೆ ಇಲ್ಲಿ ಮನೆ ಇಲ್ಲ."

ಫೈಲನ್ನು ಮತ್ತೆ ಚೀಲಕ್ಕೆ ತುರುಕಿದೆ. ಗಿರಿಜೆ ಎಲೆಯ ತೊಟ್ಟು ಮುರಿಯುತ್ತ ಕೂತಿದ್ದಳು. ಎರಡು ಮುದ್ದೆ, ಒಂದು ಪಂಕ್ಚರ್, ಒಂದು ಪರದೇಶ, ಎಲ್ಲ ನೀರಿಗೆ ಹೋಯಿತು ಎನ್ನುವಾಗ ಅವಳು ತಲೆಯೆತ್ತಿದಳು.

"ಅಲ್ಲ ಜುಂಜಣ್ಣ, ಆ ಸೈಟು ನಿಂದಲ್ಲ ಅಂದ್ರೆ ಇನ್ಯಾರದೋ ಆಗ್ಬೇಕಲ್ಲೋ? ನಿಮ್ಮಪ್ಪ ನಿಮ್ಮಕ್ಕಂಗೆ ಕೊಟ್ಟಿದ್ದು ಅಂತ ನಮ್ಮತ್ತೆ ಅಂತಿದ್ರು. ನೀನೇ ಒಪ್ತಿರ್ಲಿಲ್ವಂತೆ."

ಜುಂಜಣ್ಣನ ಮುಖದಲ್ಲಿ ಇಪ್ಪತ್ತು ವರ್ಷದ ಮರೆವು ಒಂದೇ ಗಳಿಗೆಯಲ್ಲಿ ಕರಗಿತು. ಇಂಥ ದೃಶ್ಯಗಳನ್ನು ನೋಡಲೆಂದೇ ಜನ ಪ್ರವಾಸ ಮಾಡುತ್ತಾರೆ.

"ಹೂಂ ಕಣ್ರಮ್ಮ! ಅಕ್ಕುಂದೇ ಅದು! ಅಪ್ಪ ಅವಳ ಮದ್ವೆಲಿ ಅರಿಶಿನ ಕುಂಕುಮಕ್ಕೆ ಅಂತ ಎಲ್ಲಾರ ಮುಂದೆ ಅಂದಿತ್ತು. ಈಗ ನೆಪ್ಪಿಗೆ ಬಂತು. ಶಿರಾದಾಗವ್ಳೆ, ಹೋಗಿ ಅವಳ್ನೇ ಕೇಳಿ. ಅವಳೇ ದಕ್ಷಿಣ!"

ಶಿರಾ

ಮತ್ತೊಮ್ಮೆ ಪರದೇಶ ದಾಟಿ ಮಾರನೆಯ ದಿನ ಶಿರಾ ಮುಟ್ಟಿದೆವು. ಜುಂಜಣ್ಣನ ಅಕ್ಕ ಸಿದ್ದಮ್ಮ, ಹಳೆಯ ಮಸೀದಿಯ ಹಿಂದಿನ ಬೀದಿಯಲ್ಲಿ, ಕಡಲೆಕಾಯಿ ಮಂಡಿಯೊಂದರಲ್ಲಿ ಬೀಜ ಆರಿಸುತ್ತಿದ್ದಳು. ಗೋದಾಮಿಗೆ ಕಿಟಕಿಯಿರಲಿಲ್ಲ. ನೆತ್ತಿಯ ಮೇಲೊಂದು ಬಲ್ಬು, ಅದರ ಕೆಳಗೆ ಹತ್ತಾರು ಹೆಂಗಸರು. ಗಿರಿಜೆ ಮೊದಲು ನೋಡಿದ್ದು ಆ ಬಲ್ಬನ್ನು.

"ಯಾವ ಸೈಟು?" ಎಂದಳು ಸಿದ್ದಮ್ಮ, ಕೈ ನಿಲ್ಲಿಸದೆ.

"ನಮ್ ಮನೆ ಪಕ್ಕದ್ದು ಕಣಕ್ಕ. ನಿಂದಂತೆ."

"ಯಾರಂದ್ರು?"

"ನಿನ್ ತಮ್ಮ."

ಕೈ ನಿಂತಿತು. "ಜುಂಜ ಅಂದ್ನಾ? ಅವನ ಬಾಯಾಗೆ ಅಂದ್ನಾ?"

"ಮೂರು ಸಲ ಅಂದ," ಎಂದೆ ನಾನು.

"ಇಪ್ಪತ್ತು ವರ್ಷ ಕೇಳಿದೀನಿ ಮೇಷ್ಟ್ರೆ ಅವನ್ನ. ಅಪ್ಪ ಅಂದಾಗ ನಾನು ಕುರಿ ಹಿಂದೆ ಹೋಗಿದ್ದೆ, ನಂಗೆ ಕೇಳಿಸ್ಲಿಲ್ಲ ಅಂತಿದ್ದ. ತಡೀರಿ." ಸೆರಗಿನ ಗಂಟಿನಿಂದ ಫೋನು ತೆಗೆದಳು. ನಮಗೆ ಎತ್ತದ ಫೋನನ್ನು ಅಕ್ಕನಿಗೆ ಒಂದೇ ರಿಂಗಿಗೆ ಎತ್ತಿದ. ಸ್ಪೀಕರ್ ಹಾಕಿ ಕಡಲೆಬೀಜದ ಗುಡ್ಡೆಯ ಮೇಲಿಟ್ಟಳು.

"ಲೇ ಜುಂಜಾ, ಸೈಟ್ ಯಾರದ್ಲಾ?"

"ನಿಂದೇ ಕಣಕ್ಕ. ಯಾವತ್ತಿದ್ರೂ ನಿಂದೇ."

"ಇನ್ನೊಂದು ಸಲ ಅನ್ನು. ಕುರಿ ಅರಚ್ತಾ ಇದಾವೆ, ನಂಗೆ ಕೇಳಿಸ್ಲಿಲ್ಲ."

"ನಿಂದೇ ಅಂದೆ ಕಣಕ್ಕೋ!"

"ಪಂಚಾಯ್ತಿಗೆ ಬಂದು ಬರ್ಕೊಡ್ತೀಯಾ?"

"ನಾಳೆನೇ ಬತ್ತೀನಿ."

ಪಕ್ಕದಲ್ಲಿ ಕೂತಿದ್ದ ಸಾಬರ ಹೆಂಗಸೊಬ್ಬರು ಮೊರ ಕೆಳಗಿಟ್ಟು, "ನಾವೆಲ್ಲ ಕೇಳಿದೀವಿ ಸಿದ್ದಕ್ಕಾ. ಎಲ್ಲಿಗೆ ಬೇಕಾದ್ರೂ ಬಂದು ಗವಾ ಹೇಳ್ತೀವಿ" ಎಂದರು. ಅಷ್ಟು ಜನ ಸಾಕ್ಷಿಗಳ ಎದುರು ನಡೆದ ಆಸ್ತಿ ವಿಭಾಗವನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಸಮಯ ನೋಡಿ ಕಿಟಕಿಯ ಮಾತೆತ್ತಿದೆ.

"ಕಿಟ್ಕಿನಾ? ನನ್ ಸೈಟ್ ಕಡೀಕಾ?" ಸಿದ್ದಮ್ಮ ಮಾಲೀಕಳಾಗಿ ಐದು ನಿಮಿಷವಾಗಿತ್ತು, ದನಿಯಲ್ಲಿ ಆಗಲೇ ಕಾಂಪೌಂಡು ಎದ್ದಿತ್ತು. "ಅಲ್ಲಿ ನಾನು ಮನೆ ಕಟ್ಬೇಕು ಮೇಷ್ಟ್ರೆ. ಇಲ್ಲಿ ಬಾಡಿಗೆ ಮನೆಗೂ ಕಿಟ್ಕಿ ಇಲ್ಲ, ಮಂಡೀಲೂ ಇಲ್ಲ. ನನ್ನ ಅಡುಗೆಮನೆಗೂ ಒಂದು ಕಿಟ್ಕಿ ಬ್ಯಾಡ್ವಾ? ಅದು ನಿಮ್ ಗೋಡೆ ಕಡೀಕೇ ಬತ್ತದೆ, ಇನ್ನೊಂದು ಕಡೆ ತಿಪ್ಪೆ."

ಇಪ್ಪತ್ತು ವರ್ಷ ಜಾಲಿ ಮಾತ್ರ ಬೆಳೆದಿದ್ದ ಜಾಗ. ಬಾಯಿ ಮುಚ್ಚಿಕೊಂಡಿದ್ದರೆ ಇನ್ನೂ ಇಪ್ಪತ್ತು ವರ್ಷ ಬಿಸಿಲು ಬರುತ್ತಿತ್ತು. ಎರಡು ರಾಜ್ಯ ಸುತ್ತಿ, ನಮ್ಮ ಬಿಸಿಲಿಗೆ ಅಡ್ಡ ಬರುವ ಮನೆಯನ್ನು ನಾವೇ ಹುಡುಕಿ ಕರೆತಂದಂತಾಯಿತು. ಗಿರಿಜೆಯ ಕಡೆ ನೋಡಿದೆ. ಅವಳು ಮತ್ತೆ ಆ ಬಲ್ಬನ್ನು ನೋಡುತ್ತಿದ್ದಳು. ಆಮೇಲೆ ಸಿದ್ದಮ್ಮನ ಪಕ್ಕದಲ್ಲಿ ಕೂತು, ಮೊರ ಎಳೆದುಕೊಂಡು, ತಾನೂ ಒಂದಷ್ಟು ಬೀಜ ಆರಿಸಿದಳು.

"ನಾವೊಂದಡಿ ಬಿಡ್ತೀವಿ, ನೀನೊಂದಡಿ ಬಿಡು," ಎಂದಳು. "ಎದುರಾಬದುರು ಕಿಟ್ಕಿ ಇಕ್ಕಣ. ಒಬ್ರಿಗೊಬ್ರು ತಕರಾರಿಲ್ಲ ಅಂತ ಬರ್ಕೊಡಣ."

"ಸಾರು ಗೀರು ಕೈಗೆ ಕೊಡಬೋದು," ಎಂದಳು ಸಿದ್ದಮ್ಮ ಯೋಚಿಸಿ.

"ಕೊಡು. ಉಪ್ಪು ನೋಡಿ ಹೇಳ್ತೀನಿ."

ಬಸ್ಸಿನಲ್ಲಿ, ಕಡಲೆಬೀಜ ಕಟ್ಟಿಕೊಟ್ಟ ಕಾಗದದ ಹಿಂದೆ ನಾನು ಎರಡು ಗೋಡೆ ಬರೆದೆ. ನಡುವೆ ಎರಡಡಿ. ಮೇಲೆ ಸೂರ್ಯ. ಸೂರ್ಯನಿಂದ ಗೆರೆ ಎಳೆದರೆ ಅದು ಸಿದ್ದಮ್ಮನ ಚಾವಣಿಗೆ ಬಡಿದು ಅಲ್ಲೇ ನಿಲ್ಲುತ್ತಿತ್ತು. ಗಿರಿಜೆ ಇಣುಕಿ ನೋಡಿದಳು.

"ಅದು ನಂಗೊತ್ತಿಲ್ವಾ ಅಣ್ಣಯ್ಯ? ನೀನು ಅದ್ರ ಮೇಲೂ ಒಂದು ಗಿಳಿ ಬರ್ದು ಸುಮ್ಕೆ ಕೂತ್ಕೊ."

ಮತ್ತೆ ಊರು

ಜುಂಜಣ್ಣ ಮಾತಿಗೆ ತಪ್ಪಲಿಲ್ಲ. ಇಪ್ಪತ್ತು ವರ್ಷದ ನಂತರ ಊರಿಗೆ ಬಂದು, ಅಕ್ಕನ ಹೆಸರಿಗೆ ಬರೆದುಕೊಟ್ಟು, ನಿರಾಳವಾಗಿ ನಿವೇಶನಹೀನನಾಗಿ ತಿರುಮಣಿಗೆ ಹಿಂತಿರುಗಿದ. ಪಟ್ಟಿಯಲ್ಲಿ ಅವನ ಹೆಸರು ಬಂತು. ಖಾತೆ ಬದಲಾಗಲು ಕೆಲವು ತಿಂಗಳು ಹಿಡಿಯಿತು. ಸಿದ್ದಮ್ಮನ ಒಪ್ಪಿಗೆ ಲಗತ್ತಾಯಿತು. ನಕ್ಷೆಯನ್ನು ಗಿಳಿಯಿಲ್ಲದೆ ಮತ್ತೆ ಬರೆದುಕೊಟ್ಟೆ, ಪಿಡಿಒ ರುಜು ಹಾಕಿದರು.

ಅದಾದ ಮೇಲೆ ಸಿದ್ದಮ್ಮ ತನ್ನ ಅರ್ಜಿ ಹಾಕಿದಳು. ಅವಳ ಪತ್ರದ ಪ್ರಕಾರ 'ಉತ್ತರಕ್ಕೆ ಗಿರಿಜಮ್ಮನ ಮನೆ'. 'ಎದುರಾಬದುರು' ಎಂಬ ಕಾಗದ ಹಿಡಿದು ರುಜುವಿಗೆ ಬಂದವಳಿಗೆ ಗಿರಿಜೆ ಮೊದಲು ಎರಡು ಮುದ್ದೆ ಉಣ್ಣಿಸಿದಳು, ಎಲೆ ಅಡಿಕೆ ಕೊಟ್ಟಳು, ಆಮೇಲೆ ರುಜು ಹಾಕಿದಳು.

ಮನೆಗಳೆರಡೂ ಎದ್ದು ನಿಂತಿವೆ. ಗಿರಿಜೆಯ ಅಡುಗೆಮನೆ ಕಿಟಕಿ ಮೂರಡಿ ಅಗಲ, ನಾಲ್ಕಡಿ ಎತ್ತರ ಇದೆ. ಅಲ್ಲಿಂದ ಎರಡಡಿ ಆಚೆ ಸಿದ್ದಮ್ಮನ ಕಿಟಕಿ, ಅಷ್ಟೇ ಅಳತೆಯದು. ಹಗಲು ಹೊತ್ತಿನಲ್ಲೂ ಎರಡೂ ಅಡುಗೆಮನೆಗಳಲ್ಲಿ ಲೈಟ್ ಹಾಕಿರುತ್ತಾರೆ.